ಎಸ್‌ಇಸಿಯೋ, ಬಿಗ್ ಟೆನ್ನೋ? ಕಾಲೇಜ್ ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್ ಗಟ್ಟಿ ಅಂತ ಅಳೆಯೋದು ಹೇಗೆ

2025ರ ಆಗಸ್ಟ್ 30, ಶನಿವಾರ. ಚೌತಿ ಬುಧವಾರವೇ ಆಗಿತ್ತು. ನಮ್ಮ ಕನ್ನಡ ಕೂಟದವರು ವಾಡಿಕೆಯಂತೆ ವಾರಾಂತ್ಯಕ್ಕೆ ಪೂಜೆ ಇಟ್ಟಿದ್ದರು. ಒಹಾಯೋದಲ್ಲಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಏನಾದರೂ ಇಟ್ಟರೆ ಜನ ಸಿಗಲ್ಲ ಅಂತ ಕಮಿಟಿಯವರಿಗೆ ಹೊಳೆದಿರಲಿಲ್ಲ. ಅದೇ ಹೊತ್ತಿಗೆ ಕೊಲಂಬಸ್‌ನಲ್ಲಿ ಒಹಾಯೋ ಸ್ಟೇಟ್‌ಗೂ ಟೆಕ್ಸಸ್‌ಗೂ ಆಟ. ಮಂಗಳಾರತಿ ತಟ್ಟೆ ಹಿಂದಿನ ಸಾಲಿಗೆ ಬಂದಾಗ ಅಲ್ಲಿ ಬರೀ ಕುರ್ಚಿಗಳಿದ್ದವು. ಕೂತಿದ್ದವರೆಲ್ಲ ಹೊರಗೆ, ಚಪ್ಪಲಿ ಬಿಟ್ಟ ಕಡೆ, ಒಂದೇ ಫೋನಿನ ಸುತ್ತ.

ಊಟಕ್ಕೆ ಕೂತಾಗ ಪಕ್ಕದಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಸಿಕ್ಕರು. ಆಸ್ಟಿನ್‌ನಿಂದ ಹೊಸದಾಗಿ ಬಂದವರು. ಟೆಕ್ಸಸ್ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಅನ್ನೋ ಗುಂಪಿನದು, ಒಹಾಯೋ ಸ್ಟೇಟ್ ಬಿಗ್ ಟೆನ್ ಗುಂಪಿನದು. ಟೆಕ್ಸಸ್ ಆ ದಿನ ದೇಶದ ನಂಬರ್ ಒನ್ ತಂಡ. 14-7ರಿಂದ ಸೋತಿತ್ತು. ಬಿಸಿಬೇಳೆಬಾತ್‌ಗೆ ಬೂಂದಿ ಉದುರಿಸಿಕೊಳ್ಳುತ್ತಾ ಅವರು ಹೇಳಿದ್ದು ಇಷ್ಟು: "ಇದೊಂದು ಮ್ಯಾಚ್ ಬಿಡ್ರಿ ಸರ. ಎಸ್‌ಇಸಿ ಮುಂದ ನಿಮ್ಮ ಬಿಗ್ ಟೆನ್ ಏನೈತ್ರಿ?"

ಒಂದು ಆಟ ಸೋತವರು ಹೀಗೆ ಮಾತಾಡಿದರೆ ನಗು ಬರುತ್ತೆ. ಆದರೆ ಅವರ ಮಾತಲ್ಲಿ ಅರ್ಧ ಸತ್ಯ ಇತ್ತು. ಆಮೇಲೆ ಇದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಕೇಳಿಸಿತು. ಅಮೆರಿಕಕ್ಕೆ ಹೊಸದಾಗಿ ಬಂದವರು ಶನಿವಾರ ಯಾವ ಕಾನ್ಫರೆನ್ಸ್ ಆಟ ನೋಡಲಿ ಅಂತಾರೆ. ಟಿವಿಗೆ ಯಾವ ಪ್ಯಾಕೇಜ್ ಹಾಕಿಸಲಿ ಅಂತ ಇನ್ನೊಬ್ಬರು. ಮಗಳಿಗೆ ಎರಡು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಓದು ಎರಡೂ ಕಡೆ ಒಂದೇ, ಫುಟ್‌ಬಾಲ್ ಎಲ್ಲಿ ಚೆನ್ನ ಅಂತ ಮತ್ತೊಬ್ಬರು. ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೊಸಬರಿಗೆ ನಾಲ್ಕು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಮೇಲಿನ ದರ್ಜೆಯಲ್ಲಿ 2025ರಲ್ಲಿ 136 ಕಾಲೇಜು ತಂಡಗಳಿದ್ದವು. ಒಂದೆರಡು ಬಿಟ್ಟು ಉಳಿದವೆಲ್ಲ ಕಾನ್ಫರೆನ್ಸ್ ಅನ್ನೋ ಗುಂಪುಗಳಲ್ಲಿವೆ. ಒಂದು ತಂಡಕ್ಕೆ ವರ್ಷಕ್ಕೆ 12 ಲೀಗ್ ಆಟ. ಅದರಲ್ಲಿ ಎಂಟೋ ಒಂಬತ್ತೋ ತನ್ನ ಗುಂಪಿನೊಳಗೇ ಹೋಗುತ್ತೆ. ಇನ್ನು ಹೆಸರು ನೋಡಿ ಲೆಕ್ಕ ಹಾಕಬೇಡಿ. ಬಿಗ್ ಟೆನ್‌ನಲ್ಲಿ 18 ತಂಡ. ಬಿಗ್ ಟ್ವೆಲ್ವ್‌ನಲ್ಲಿ 16. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯಲ್ಲಿ, ಪೆಸಿಫಿಕ್ ದಂಡೆಯ ಕ್ಯಾಲಿಫೋರ್ನಿಯಾದ ಎರಡು ಕಾಲೇಜುಗಳಿವೆ. ಇದೆಲ್ಲ ಟಿವಿ ದುಡ್ಡಿನ ಮಹಿಮೆ.

ಮೊದಲು ಅಳತೆಗೋಲು

ಜನ ಎಡವೋದು ಇಲ್ಲೇ. "ನಮ್ಮ ಗುಂಪಿನಲ್ಲಿ ಹತ್ತು ತಂಡ ಎಂಟೆಂಟು ಆಟ ಗೆದ್ದಿವೆ" ಅಂತ ಎದೆ ತಟ್ಟಿಕೊಳ್ಳುತ್ತಾರೆ. ಗುಂಪಿನೊಳಗಿನ ಆಟದಲ್ಲಿ ಒಟ್ಟು ಎಷ್ಟು ಗೆಲುವೋ ಅಷ್ಟೇ ಸೋಲು. ಅಣ್ಣತಮ್ಮಂದಿರು ಮನೆ ಅಂಗಳದಲ್ಲಿ ಕುಸ್ತಿ ಆಡಿದ ಹಾಗೆ, ಒಬ್ಬ ಮೇಲೆ ಬಿದ್ದರೆ ಇನ್ನೊಬ್ಬ ಕೆಳಗೆ. ಆ ಮನೆಯವರು ಗಟ್ಟಿಯೋ ಅಲ್ವೋ ಅಂತ ಗೊತ್ತಾಗೋದು ಪಕ್ಕದೂರಿನ ಗರಡಿಯವರ ಜೊತೆ ಅಖಾಡಕ್ಕೆ ಇಳಿದಾಗ. ಹಾಗಾಗಿ ಮೊದಲ ಅಳತೆ, ಹೊರಗಿನವರ ಜೊತೆಗಿನ ಆಟ. ಅದು ಮೂರೋ ನಾಲ್ಕೋ ಇರುತ್ತೆ. ಅದರಲ್ಲೂ ಒಂದು ಸಾಮಾನ್ಯವಾಗಿ ಕೆಳದರ್ಜೆಯ ತಂಡವನ್ನು ದುಡ್ಡು ಕೊಟ್ಟು ಕರೆಸಿ ಬಡಿಯೋದು. ಅಂದರೆ ನಮ್ಮ ಕೈಯಲ್ಲಿರೋ ಸಾಕ್ಷಿ ಬಹಳ ಕಡಿಮೆ. ಇದನ್ನು ಮರೆತವರೇ ಜೋರಾಗಿ ಕೂಗಾಡೋದು.

ಇರುವ ಸಾಕ್ಷಿಯನ್ನೂ ಸರಪಳಿ ಮಾಡಬಾರದು. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸ್ಟೇಟ್ ಅನ್ನೋ ಸಣ್ಣ ತಂಡ ಎಸ್‌ಇಸಿಯ ವ್ಯಾಂಡರ್‌ಬಿಲ್ಟ್‌ನ್ನು 36-32ರಿಂದ ಸೋಲಿಸಿತು. ಮೂರು ವಾರದ ಮೇಲೆ ಅದೇ ವ್ಯಾಂಡರ್‌ಬಿಲ್ಟ್ ನಂಬರ್ ಒನ್ ಅಲಬಾಮಾವನ್ನು 40-35ರಿಂದ ಕೆಡವಿತು. ನ್ಯಾಶ್‌ವಿಲ್‌ನಲ್ಲಿ ಹುಡುಗರು ಗೋಲ್ ಕಂಬವನ್ನೇ ಕಿತ್ತು ಪೇಟೆಯಲ್ಲಿ ಮೆರವಣಿಗೆ ಮಾಡಿ ಕಂಬರ್‌ಲ್ಯಾಂಡ್ ನದಿಗೆ ಎಸೆದರು. ಅದರ ಹಿಂದಿನ ವಾರವಷ್ಟೇ ಅಲಬಾಮಾ ಜಾರ್ಜಿಯಾವನ್ನು ಸೋಲಿಸಿತ್ತು. ಆ ವರ್ಷ ಎಸ್‌ಇಸಿ ಕಪ್ ಗೆದ್ದದ್ದು ಯಾರು? ಜಾರ್ಜಿಯಾ. ಸರಪಳಿ ಎಳೆದರೆ ಜಾರ್ಜಿಯಾ ಸ್ಟೇಟ್ ಎಸ್‌ಇಸಿ ಚಾಂಪಿಯನ್‌ಗಿಂತ ದೊಡ್ಡದು ಅಂತ ಆಗುತ್ತೆ, ಅಲ್ವಾ? ಒಂದು ಸ್ಕೋರು ಹಿಡಿದುಕೊಂಡು ಇಡೀ ಗುಂಪಿನ ತೂಕ ಹೇಳುವವರನ್ನು ನಂಬಬೇಡಿ. ನಮ್ಮ 14-7 ಕೂಡ ಅದೇ ಜಾತಿಯದು.

ಎರಡನೇ ಅಳತೆ ನನಗೆ ಎಲ್ಲಕ್ಕಿಂತ ಮುಖ್ಯ: ನಡುವಿನ ತಂಡಗಳು. ಗುಂಪಿನ ಏಳನೇ ತಂಡದಿಂದ ಹನ್ನೊಂದನೆಯದರ ತನಕ ನೋಡಿ. ತುದಿಯಲ್ಲಿ ಒಂದೋ ಎರಡೋ ಆನೆ ಎಲ್ಲ ಕಾಡಲ್ಲೂ ಇರುತ್ತೆ. ವಾರವಾರವೂ ಎದುರಾಗೋದು ನಡುವಿನವರು.

ಮೂರನೆಯದು ಆ ತುದಿಯೇ, ಅಂದರೆ ಸೀಸನ್ ಕೊನೆಗೆ ದೇಶದ ಕಪ್‌ಗಾಗಿ ಆಡುವ ಪ್ಲೇಆಫ್‌ನಲ್ಲಿ ಏನಾಯಿತು ಅನ್ನೋದು. ನಾಲ್ಕನೆಯದು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್, ಎಷ್ಟು ಹುಡುಗರು ದುಡ್ಡಿನ ಆಟಕ್ಕೆ ಆರಿಸಿಹೋದರು ಅನ್ನೋದು. ಆ ಆಯ್ಕೆ ಮಾಡೋರು ತಮ್ಮ ದುಡ್ಡು ಹಾಕಿ ಆರಿಸುತ್ತಾರೆ, ಅಭಿಮಾನದಿಂದಲ್ಲ. ಹಾಗಾಗಿ ಅದಕ್ಕೆ ಬೆಲೆ ಇದೆ.

ಪತ್ರಕರ್ತರು ವೋಟು ಹಾಕಿ ಮಾಡುವ ಎಪಿ ಪೋಲ್ ಥರದ ರ‍್ಯಾಂಕಿಂಗ್‌ಗೆ ನಾನು ಕಡಿಮೆ ಬೆಲೆ ಕೊಡೋದು. ಒಂದು ಆಟವೂ ನಡೆಯದ ಆಗಸ್ಟ್‌ನಲ್ಲೇ ಮೊದಲ ಪಟ್ಟಿ ಬರುತ್ತೆ. ಅದರಲ್ಲಿ ಒಂದು ಗುಂಪಿನ ಎಂಟು ತಂಡ ಇದ್ದರೆ ಅವು ಒಂದಕ್ಕೊಂದು ಸೋತರೂ "ರ‍್ಯಾಂಕ್ ಇರುವ ತಂಡದ ಕೈಲಿ ಸೋತರು, ಪರವಾಗಿಲ್ಲ" ಅಂತ ಕೆಳಗಿಳಿಸಲ್ಲ. ಗೆದ್ದವರಿಗೆ ದೊಡ್ಡ ಗೆಲುವು, ಸೋತವರಿಗೆ ಸಣ್ಣ ಸೋಲು. ತಾವೇ ಬರೆದ ಚೀಟಿಯನ್ನು ತಾವೇ ಓದಿ ಒಪ್ಪಿಕೊಂಡ ಹಾಗೆ.

ಸೀಸನ್ ಮುಗಿದ ಮೇಲೆ ತಂಡಗಳನ್ನು ಕರೆಸಿ ಆಡಿಸುವ ಡಿಸೆಂಬರ್ ಕೊನೆಯ ಬೌಲ್ ಆಟಗಳನ್ನೂ ಹುಷಾರಾಗಿ ನೋಡಿ. 2023ರಲ್ಲಿ ಎಸಿಸಿಯ ಫ್ಲಾರಿಡಾ ಸ್ಟೇಟ್ 13-0 (ಹದಿಮೂರು ಗೆಲುವು, ಸೋಲಿಲ್ಲ) ಇದ್ದರೂ ಅದನ್ನು ಆಗಿನ ನಾಲ್ಕು ತಂಡದ ಪ್ಲೇಆಫ್‌ಗೆ ತೆಗೆದುಕೊಳ್ಳಲಿಲ್ಲ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕಾಲಿಗೆ ಏಟಾಗಿತ್ತು ಅನ್ನೋದು ಕಾರಣ. ಮನಸ್ಸು ಮುರಿದು ಹಲವು ಆಟಗಾರರು ಆರೆಂಜ್ ಬೌಲ್‌ನಿಂದ ಹಿಂದೆ ಸರಿದರು. ಜಾರ್ಜಿಯಾ 63-3ರಿಂದ ಹೊಡೆಯಿತು. ಆ ಸ್ಕೋರು ತೋರಿಸಿ "ನೋಡಿ ಎಸಿಸಿ ಗತಿ" ಅಂದರೆ ನ್ಯಾಯ ಅಲ್ಲ.

ಎಸ್‌ಇಸಿ: ನಡು ದಪ್ಪ

ದಕ್ಷಿಣದ ರಾಜ್ಯಗಳ ಗುಂಪು. 1932ರಲ್ಲಿ ಕಟ್ಟಿದ್ದು. 2024ರಲ್ಲಿ ಟೆಕ್ಸಸ್ ಮತ್ತು ಒಕ್ಲಹಾಮಾ ಸೇರಿ 16 ತಂಡ. 2006ರಿಂದ 2022ರ ತನಕ 17 ಸೀಸನ್‌ನಲ್ಲಿ 13 ಸಲ ದೇಶದ ಕಪ್ ಈ ಗುಂಪಿಗೇ ಹೋಗಿದೆ. ಅದರಲ್ಲಿ ಮೊದಲ ಏಳು ಸತತ. ಮೂರು ಸಲ ಫೈನಲ್‌ನಲ್ಲಿ ಎರಡೂ ಕಡೆ ಎಸ್‌ಇಸಿಯೇ. ಹುಬ್ಬಳ್ಳಿಯವರ ಧೈರ್ಯ ಬಂದದ್ದು ಈ ಇತಿಹಾಸದಿಂದ.

ಆದರೆ ಇತಿಹಾಸ ಬೇರೆ, ಈಗಿನ ಬಲ ಬೇರೆ. 2023, 2024, 2025, ಮೂರು ಸೀಸನ್ ಫೈನಲ್‌ನಲ್ಲಿ ಒಂದೂ ಎಸ್‌ಇಸಿ ತಂಡ ಇರಲಿಲ್ಲ. 2025ರಲ್ಲಿ 12 ತಂಡದ ಪ್ಲೇಆಫ್‌ಗೆ ಈ ಗುಂಪಿನಿಂದಲೇ ಐದು ಹೋದವು. ಫೈನಲ್ ಹೊತ್ತಿಗೆ ಐದೂ ಮನೆಗೆ ಬಂದಿದ್ದವು.

ಹಾಗಾದರೆ ಇಳಿದುಹೋಯಿತಾ? ನಾನು ಹಾಗೆ ಹೇಳಲ್ಲ. 2025ರ ಡ್ರಾಫ್ಟ್‌ನಲ್ಲಿ ಎಸ್‌ಇಸಿಯಿಂದ 79 ಹುಡುಗರು ಹೋದರು, ಅದು ದಾಖಲೆ. ಬಿಗ್ ಟೆನ್‌ನಿಂದ 71. ಬಿಗ್ ಟೆನ್‌ನಲ್ಲಿ ಎರಡು ತಂಡ ಜಾಸ್ತಿ ಇದ್ದೂ ಇಷ್ಟು. ಅಂದರೆ ತಂಡಕ್ಕೆ ಸರಾಸರಿ ಎಸ್‌ಇಸಿಯಲ್ಲಿ ಸುಮಾರು ಐದು, ಬಿಗ್ ಟೆನ್‌ನಲ್ಲಿ ನಾಲ್ಕು. ಈ ಒಬ್ಬರ ವ್ಯತ್ಯಾಸ ಕಾಣೋದು ನಡುವಿನ ತಂಡಗಳಲ್ಲಿ. ಎಸ್‌ಇಸಿಯ ಒಂಬತ್ತನೇ ತಂಡದ ಊರಿಗೆ ಹೋಗಿ ಆಡೋದು ಯಾರಿಗೂ ಸುಲಭ ಅಲ್ಲ.

ತಳದ ಬಗ್ಗೆ ಮಾತ್ರ ಕೊಚ್ಚಿಕೊಳ್ಳೋಕೆ ಏನಿಲ್ಲ. 2024ರಲ್ಲಿ ಮಿಸಿಸಿಪ್ಪಿ ಸ್ಟೇಟ್ ತನ್ನ ಊರಲ್ಲೇ ಟೊಲಿಡೋ ಕೈಲಿ 41-17ರಿಂದ ಸೋತಿತು. ಟೊಲಿಡೋ ನಮ್ಮ ಒಹಾಯೋದ ಸಣ್ಣ ಗುಂಪಿನ ತಂಡ. ಆ ವಾರ ಆಫೀಸಿನಲ್ಲಿ ನನ್ನ ಮುಖ ಅರಳಿದ್ದು ಸುಳ್ಳಲ್ಲ. ಇನ್ನೊಂದು ತಕರಾರು, 2025ರ ತನಕ ಎಸ್‌ಇಸಿಯವರು ಒಳಗೆ ಎಂಟೇ ಆಟ ಆಡುತ್ತಿದ್ದರು. ಬಿಗ್ ಟೆನ್‌ನವರು ಒಂಬತ್ತು. ಒಂಬತ್ತನೇ ಆಟ ಅಂದರೆ ಗುಂಪಿನ ಅರ್ಧದಷ್ಟು ತಂಡಕ್ಕೆ ಒಂದು ಸೋಲು ಖಾಯಂ. ಎಸ್‌ಇಸಿಯವರು ಆ ಜಾಗದಲ್ಲಿ ನವೆಂಬರ್‌ನಲ್ಲಿ ಯಾವುದೋ ಸಣ್ಣ ಕಾಲೇಜನ್ನು ಕರೆಸಿ ಮೈ ಹಗುರ ಮಾಡಿಕೊಳ್ಳುತ್ತಿದ್ದರು. 2026ರಿಂದ ಅವರಿಗೂ ಒಂಬತ್ತು. ಇನ್ನು ಮೇಲೆ ಹೋಲಿಕೆ ಸ್ವಲ್ಪ ಸಲೀಸು.

ಬಿಗ್ ಟೆನ್: ತುದಿ ಚೂಪು

1896ರ ಹಳೇ ಗುಂಪು. ಮೊದಲು ನಡು ಪಶ್ಚಿಮದ ಚಳಿ ಊರುಗಳದ್ದು. 2024ರಲ್ಲಿ ಯುಎಸ್‌ಸಿ, ಯುಸಿಎಲ್‌ಎ, ಒರೆಗಾನ್, ವಾಷಿಂಗ್ಟನ್ ಸೇರಿ ಈಗ ಒಂದು ಸಾಗರದಿಂದ ಇನ್ನೊಂದರ ಹತ್ತಿರದ ತನಕ ಹಬ್ಬಿದೆ. 2023ರಲ್ಲಿ ಮಿಶಿಗನ್, 2024ರಲ್ಲಿ ಒಹಾಯೋ ಸ್ಟೇಟ್, 2025ರಲ್ಲಿ ಇಂಡಿಯಾನಾ. ಮೂರು ವರ್ಷ, ಮೂರು ಬೇರೆ ತಂಡ, ಒಂದೇ ಗುಂಪು.

ಇಂಡಿಯಾನಾ ಕಥೆ ಗೊತ್ತಾದರೆ ಈಗಿನ ಆಟವೇ ಅರ್ಥ ಆಗುತ್ತೆ. ಈ ದರ್ಜೆಯ ಚರಿತ್ರೆಯಲ್ಲೇ ಅತಿ ಹೆಚ್ಚು ಸೋತ ತಂಡ ಅನ್ನೋ ಹಣೆಪಟ್ಟಿ ಅದಕ್ಕಿತ್ತು. 2023ರ ಕೊನೆಯಲ್ಲಿ ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು. ತಮ್ಮ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಆಟಗಾರರನ್ನು ಕರೆತಂದರು. ಆಮೇಲೆ ಕ್ಯಾಲಿಫೋರ್ನಿಯಾದಿಂದ ಫರ್ನಾಂಡೊ ಮೆಂಡೋಜಾ ಅನ್ನೋ ಕ್ವಾರ್ಟರ್‌ಬ್ಯಾಕ್ ಬಂದ. ಅವನಿಗೆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ. ತಂಡ ರೋಸ್ ಬೌಲ್‌ನಲ್ಲಿ ಅಲಬಾಮಾಗೆ 38-3ರ ಏಟು ಕೊಟ್ಟಿತು. ಫೈನಲ್‌ನಲ್ಲಿ ಮಯಾಮಿಯನ್ನು ಅವರ ಊರಿನಲ್ಲೇ 27-21ರಿಂದ ಗೆದ್ದಿತು. ಹದಿನಾರಕ್ಕೆ ಹದಿನಾರು.

ಇದು ಹೇಗೆ ಸಾಧ್ಯ ಆಯಿತು? ಮೊದಲು ಅಲಬಾಮಾ, ಜಾರ್ಜಿಯಾ ಥರದವರು ಒಳ್ಳೊಳ್ಳೆ ಹುಡುಗರನ್ನು ಬೆಂಚಿನ ಮೇಲೆ ಕೂರಿಸಿ ಇಟ್ಟುಕೊಳ್ಳುತ್ತಿದ್ದರು. ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲ ಆಯಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅಂತಲೂ ಆಯಿತು. 2025ರಲ್ಲಿ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡೋಕೆ ಕೋರ್ಟ್ ಒಪ್ಪಿತು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ ಡಾಲರ್. ಬೆಂಚಿನ ಮೇಲೆ ಕೂತಿದ್ದವನು ಈಗ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ದಕ್ಷಿಣದ ಕಣಜ ಸೋರಿತು. ದುಡ್ಡು ಇರುವ ಕಡೆ, ಹಳೇ ವಿದ್ಯಾರ್ಥಿಗಳು ಜಾಸ್ತಿ ಇರುವ ಕಡೆ ತುಂಬಿತು.

ಬಿಗ್ ಟೆನ್ನಿನ ದೋಷ ತಳದಲ್ಲಿದೆ. 2024ರ ಪರ್ಡ್ಯೂ 1-11. ಇಂಡಿಯಾನಾ ಕೈಲಿ 66-0, ನೋತ್ರ್ ಡೇಮ್ ಕೈಲಿ 66-7. 18 ತಂಡದಲ್ಲಿ ತಳದ ಐದಾರು ಹೀಗೇ ಇದ್ದರೆ ಮೇಲಿನವರಿಗೆ ಕೆಲವು ವಾರ ನಿದ್ದೆಯಲ್ಲೇ ಗೆಲ್ಲಬಹುದು. ಗುಂಪು ದೊಡ್ಡದಾದ್ದರಿಂದ ದೊಡ್ಡ ತಂಡಗಳು ಒಂದಕ್ಕೊಂದು ಎದುರಾಗೋದೂ ಕಡಿಮೆ. ಬಿಗ್ ಟೆನ್ ಹೊಗಳುವವರು ಇದನ್ನು ಹೇಳಲ್ಲ.

ನನ್ನ ಲೆಕ್ಕ ಕೇಳಿದರೆ, ತುದಿ ನೋಡಿದರೆ ಬಿಗ್ ಟೆನ್, ನಡು ನೋಡಿದರೆ ಎಸ್‌ಇಸಿ. ಎರಡರ ನಡುವಿನ ಅಂತರ ಈಗ ಕೂದಲೆಳೆ. ನಡುವಿಗೆ ಜಾಸ್ತಿ ತೂಕ ಕೊಡುವ ನಾನು ಇನ್ನೂ ಎಸ್‌ಇಸಿಯನ್ನೇ ಒಂದು ಗುಲಗಂಜಿ ಮೇಲಿಡುತ್ತೇನೆ. ಒಹಾಯೋದಲ್ಲಿ ಕೂತು ಇದನ್ನು ಬರೆಯೋಕೆ ಧೈರ್ಯ ಬೇಕು.

ಬಿಗ್ ಟ್ವೆಲ್ವ್: ಯಾರು ಬೇಕಾದರೂ ಗೆಲ್ಲಬಹುದು

ಟೆಕ್ಸಸ್, ಒಕ್ಲಹಾಮಾ ಹೋದ ಮೇಲೆ ಇಲ್ಲಿ ಆನೆ ಇಲ್ಲ, ಎಲ್ಲ ಕಾಡೆಮ್ಮೆಗಳೇ. 2024ರಲ್ಲಿ ಸೀಸನ್ ಮುಂಚೆ ಪತ್ರಕರ್ತರು ಅರಿಜೋನಾ ಸ್ಟೇಟ್‌ನ್ನು ಹದಿನಾರನೇ ಜಾಗಕ್ಕೆ ಹಾಕಿದ್ದರು. ಅಂದರೆ ಕಟ್ಟಕಡೆಯ ಜಾಗ. ಅದೇ ತಂಡ ಕಪ್ ಗೆದ್ದು, ಪ್ಲೇಆಫ್‌ನಲ್ಲಿ ಟೆಕ್ಸಸ್‌ನ್ನು ಎರಡು ಓವರ್‌ಟೈಮ್ ತನಕ ಎಳೆದು 39-31ರಿಂದ ಸೋತಿತು. ಇದು ಬಲವೋ ಸಮಬಲವೋ ಅನ್ನೋದೇ ಚರ್ಚೆ. ಹೊರಗಿನ ದೊಡ್ಡವರ ಎದುರು ಕೊನೇ ಮೆಟ್ಟಿಲಲ್ಲಿ ಈ ಗುಂಪು ಜಾರುತ್ತೆ. 2022ರ ಫೈನಲ್‌ಗೆ ಹೋದ ಟಿಸಿಯು ಜಾರ್ಜಿಯಾ ಕೈಲಿ 65-7. 2025ರ ಟೆಕ್ಸಸ್ ಟೆಕ್ ಒರೆಗಾನ್ ಎದುರು 23-0, ಒಂದು ಪಾಯಿಂಟೂ ಇಲ್ಲ. ಆದರೆ ಶನಿವಾರ ಸಂಜೆ ಟಿವಿ ಮುಂದೆ ಕೂತು "ಇವತ್ತು ಯಾರು ಗೆಲ್ಲಬಹುದು" ಅಂತ ನಿಜವಾಗಿ ಕೇಳಬೇಕು ಅಂದರೆ ಇದಕ್ಕಿಂತ ಒಳ್ಳೆ ಗುಂಪಿಲ್ಲ.

ಎಸಿಸಿ: ಏರಿಳಿತ ಜಾಸ್ತಿ

1953ರದ್ದು. ಫುಟ್‌ಬಾಲ್‌ಗೆ 17 ತಂಡ. ಫ್ಲಾರಿಡಾ ಸ್ಟೇಟ್ 2013ರಲ್ಲಿ, ಕ್ಲೆಮ್ಸನ್ 2016 ಮತ್ತು 2018ರಲ್ಲಿ ದೇಶದ ಕಪ್ ತಂದವು. ಎಸ್‌ಇಸಿ ಓಟ ತಡೆದವರಲ್ಲಿ ಇವರೇ ಮುಂದೆ. ಈಗ ಹಿಡಿತ ಸಿಗದ ಗುಂಪು. ನಮ್ಮ ಗಣೇಶನ ಪೂಜೆಯ ದಿನವೇ ಫ್ಲಾರಿಡಾ ಸ್ಟೇಟ್ ಅಲಬಾಮಾವನ್ನು 31-17ರಿಂದ ಬಗ್ಗಿಸಿತು. ಆಮೇಲೆ ಸೀಸನ್ ಮುಗಿಸಿದ್ದು 5-7ಕ್ಕೆ. ಅದೇ ವರ್ಷ ಡ್ಯೂಕ್ ಐದು ಸೋಲು ಇಟ್ಟುಕೊಂಡೇ ಎಸಿಸಿ ಕಪ್ ಗೆದ್ದು, ಪ್ಲೇಆಫ್‌ಗೆ ಮಾತ್ರ ಹೋಗಲಿಲ್ಲ. ಕಪ್ ಗೆಲ್ಲದ ಮಯಾಮಿ ಹತ್ತನೇ ತಂಡವಾಗಿ ಒಳಗೆ ಹೋಗಿ ಫೈನಲ್ ಆಡಿತು. ಸರಾಸರಿ ತೆಗೆದರೆ ಸಾಧಾರಣ. ಒಂದೇ ತಂಡ ಹಿಡಿದು ನೋಡಿದರೆ ಎದೆ ಹೊಡೆದುಕೊಳ್ಳುತ್ತೆ. ಈ ಗುಂಪಿಗೆ ಸೇರೋಕೆ ಡಲ್ಲಾಸ್‌ನ ಎಸ್‌ಎಂಯು ಕಾಲೇಜು ಒಂಬತ್ತು ವರ್ಷದ ಟಿವಿ ಪಾಲನ್ನೇ ಬಿಟ್ಟುಕೊಟ್ಟಿದೆ. ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳೋಕೆ ಇರುವ ಆಸೆ ಅಂಥದ್ದು.

ನೋತ್ರ್ ಡೇಮ್ ಯಾವ ಗುಂಪಿಗೂ ಫುಟ್‌ಬಾಲ್‌ನಲ್ಲಿ ಸೇರಿಲ್ಲ, ಒಂಟಿ ಸಲಗ. 2024ರಲ್ಲಿ ನಾರ್ದರ್ನ್ ಇಲಿನಾಯ್ ಅನ್ನೋ ಮ್ಯಾಕ್ (ಮಿಡ್-ಅಮೆರಿಕನ್ ಕಾನ್ಫರೆನ್ಸ್ ಅನ್ನೋ ಸಣ್ಣ ಗುಂಪು) ತಂಡದ ಕೈಲಿ ಮನೆಯಲ್ಲೇ 16-14ರಿಂದ ಸೋತು, ಅದೇ ವರ್ಷ ಫೈನಲ್ ತನಕ ಹೋಯಿತು.

ಉಳಿದ ಸಣ್ಣ ಗುಂಪುಗಳು ಬಲದಲ್ಲಿ ಒಂದು ಮೆಟ್ಟಿಲು ಕೆಳಗೆ, ಅದರಲ್ಲಿ ಅನುಮಾನ ಬೇಡ. ನಾಲ್ಕು ತಂಡದ ಪ್ಲೇಆಫ್ ಇದ್ದಷ್ಟು ವರ್ಷವೂ ಅಲ್ಲಿಂದ ಬಂದದ್ದು 2021ರ ಸಿನ್ಸಿನಾಟಿ ಒಂದೇ. 2025ರಲ್ಲಿ ಟುಲೇನ್, ಜೇಮ್ಸ್ ಮ್ಯಾಡಿಸನ್ ಎರಡೂ ಹೋಗಿ ಮೊದಲ ಸುತ್ತಲ್ಲೇ ವಾಪಸ್. ನಮ್ಮ ರಣಜಿಯಲ್ಲಿ ಪ್ಲೇಟ್ ಗುಂಪಿನಿಂದ ಮೇಲೆ ಬಂದ ತಂಡದ ಪಾಡು ನೆನೆಸಿಕೊಳ್ಳಿ.

ನಿಮಗೆ ಯಾವುದು

ಟಿವಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಮನಸ್ಸಿಲ್ಲದವರಿಗೆ ಬಿಗ್ ಟೆನ್. ಅವರ ದೊಡ್ಡ ಆಟಗಳು ಫಾಕ್ಸ್, ಸಿಬಿಎಸ್, ಎನ್‌ಬಿಸಿಯಲ್ಲಿ ಬರುತ್ತವೆ. ಕಿಟಕಿಗೆ ಒಂದು ಆಂಟೆನಾ ಅಂಟಿಸಿದರೆ ಮೂರೂ ಪುಕ್ಕಟೆ. ಎಸ್‌ಇಸಿ 2024ರಿಂದ ಪೂರ್ತಿ ಇಎಸ್‌ಪಿಎನ್ ಮನೆಯದು. ಎಬಿಸಿಯಲ್ಲಿ ಬರೋದು ಆಂಟೆನಾಗೆ ಸಿಗುತ್ತೆ, ಉಳಿದದ್ದಕ್ಕೆ ಚಂದಾ ಬೇಕು. ನಡುವಿನ ತಂಡಗಳ ಆಟವೇ ಎಸ್‌ಇಸಿಯ ಸತ್ವ ಅಂದೆನಲ್ಲ, ಅದು ಆ ಉಳಿದದ್ದರಲ್ಲೇ ಇರೋದು. ಹಾಗಾಗಿ ಎಸ್‌ಇಸಿಯನ್ನು ಅರ್ಧಂಬರ್ಧ ದುಡ್ಡಿಗೆ ನೋಡಬೇಡಿ. ಹಾಕಿದರೆ ಪೂರ್ತಿ ಹಾಕಿ.

ಸ್ಟೇಡಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಆಟ ಅಂದರೆ ಏನು ಅಂತ ತೋರಿಸಬೇಕು, ಜೇಬು ಜಾಸ್ತಿ ಸುಡಬಾರದು ಅಂದರೆ ಮ್ಯಾಕ್ ಗುಂಪಿನ ಆಟಕ್ಕೆ ಹೋಗಿ. ಒಹಾಯೋ, ಮಿಶಿಗನ್ ಸುತ್ತಮುತ್ತ ಇರುವ ಕನ್ನಡದವರಿಗೆ ಒಂದೆರಡು ಗಂಟೆ ಡ್ರೈವ್. ನವೆಂಬರ್‌ನಲ್ಲಿ ಅವರು ಮಂಗಳವಾರ, ಬುಧವಾರ ರಾತ್ರಿ ಆಡುತ್ತಾರೆ. ಸ್ವೆಟರ್ ಎರಡು ಹಾಕಿ. ಆ್ಯನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂ ಬೇರೆಯದೇ ಲೋಕ. 1,07,601 ಜನ ಹಿಡಿಸುತ್ತೆ, ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗಿಂತ ಜಾಸ್ತಿ. ಒಂದು ಸಲ ನೋಡಲೇಬೇಕು. ಆದರೆ ನಾಲ್ಕು ಟಿಕೆಟ್, ಪಾರ್ಕಿಂಗ್, ತಿಂಡಿ ಸೇರಿದರೆ ಬೆಂಗಳೂರಿಗೆ ಹೋಗೋ ವಿಮಾನದ ದುಡ್ಡು ನೆನಪಾಗುತ್ತೆ.

ಮಗಳ ಸೀಟಿನ ಪ್ರಶ್ನೆಗೆ: ವಿದ್ಯಾರ್ಥಿಗಳಿಗೆ ಟಿಕೆಟ್ ಅಗ್ಗವಾಗಿ ಸಿಗುತ್ತೆ. ಗುಂಪಿನ ಬಲ ನೋಡಬೇಡಿ, ಆ ಒಂದು ತಂಡ ತನ್ನ ಊರಲ್ಲಿ ಯಾರ ಜೊತೆ ಆಡುತ್ತೆ ಅಂತ ಪಟ್ಟಿ ನೋಡಿ. ಗಟ್ಟಿ ಗುಂಪಿನ ಸೋಲುವ ತಂಡಕ್ಕಿಂತ ನಡು ಗುಂಪಿನ ಗೆಲ್ಲುವ ತಂಡದ ಕ್ಯಾಂಪಸ್ಸಿನಲ್ಲಿ ಶನಿವಾರ ಚೆನ್ನಾಗಿರುತ್ತೆ.

ಇನ್ನು ವಾದ ಗೆಲ್ಲೋದೇ ನಿಮ್ಮ ಗುರಿ ಆದರೆ, ಎದುರಿನವರು "ಬಲ" ಅಂದಾಗ ತುದಿಯೋ ನಡುವೋ ತಳವೋ ಅಂತ ಮೊದಲು ಕೇಳಿ. ಅರ್ಧ ಜನ ಅಲ್ಲೇ ತಡವರಿಸುತ್ತಾರೆ.

ಹುಬ್ಬಳ್ಳಿಯವರು ತಡವರಿಸಲಿಲ್ಲ. ಡಿಸೆಂಬರ್‌ನಲ್ಲಿ ಸಿಕ್ಕಾಗ ಅವರ ದುಃಖ ಬೇರೆಯೇ ಇತ್ತು. ಟೆಕ್ಸಸ್ 9-3ಕ್ಕೆ ನಿಂತು ಪ್ಲೇಆಫ್ ಕಳೆದುಕೊಂಡಿತ್ತು. "ಆವತ್ತು ಕೊಲಂಬಸ್‌ಗೆ ಬರದ ಯಾವುದಾರ ಸಣ್ಣ ಕಾಲೇಜ್ ಜೋಡಿ ಆಡಿದ್ರ 10-2 ಆಗ್ತಿತ್ತಲ್ರಿ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗಿನ ಗಟ್ಟಿ ತಂಡದ ಜೊತೆ ಆಡಿದರೆ ನಮ್ಮಂಥವರಿಗೆ ಅಳತೆ ಸಿಗುತ್ತೆ, ಆಡಿದವರಿಗೆ ಸೋಲು ಸಿಗುತ್ತೆ.

ಸದ್ಯಕ್ಕೆ ಎರಡು ತಂಡವೂ ಹಿಂದೆ ಸರಿದಿಲ್ಲ. ಮರುಪಂದ್ಯ 2026ರ ಸೆಪ್ಟೆಂಬರ್ 12ಕ್ಕೆ, ಆಸ್ಟಿನ್‌ನಲ್ಲಿ. ಈ ಸಲ ಚೌತಿ 14ನೇ ತಾರೀಖು, ಸೋಮವಾರ. ಪೂಜೆ ಭಾನುವಾರ ಇಡಿ ಅಂತ ಕಮಿಟಿಗೆ ಈಗಲೇ ಹೇಳಿಟ್ಟಿದ್ದೇನೆ.